ತಂದೆಯ ಬೈಕು, ಮಕ್ಕಳ ಹಕ್ಕು

ವಯಸ್ಸಾದ ತಂದೆಯ ಕೈಯಿಂದ ಅವರ ಪ್ರೀತಿಯ ವಸ್ತುವೊಂದನ್ನು ತೆಗೆದುಕೊಳ್ಳುವುದು ಬಹಳ ಸುಲಭ. ಹೆಬ್ಬೆರಳಿನ ಗಾತ್ರದ ಒಂದು ಬಿಡಿಭಾಗವನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡರೆ ಸಾಕು. 2023ರ ಮಳೆಗಾಲದಲ್ಲಿ ನಾವು ಮಾಡಿದ್ದು ಅದನ್ನೇ. ಅದು ಸರಿಯಾದ ಕೆಲಸವೆಂದು ಆಗ ನಮಗೆ ಯಾವ ಸಂಶಯವೂ ಇರಲಿಲ್ಲ. ಸಂಶಯ ಬಂದದ್ದು ಬಳಿಕ. ಅದನ್ನು ಹಂಚಿಕೊಳ್ಳುವುದಕ್ಕಾಗಿ ಈ ಬರಹ.

ನಾವೆಂದರೆ ಮೂವರು ಒಡಹುಟ್ಟಿದವರು. ಹಿರಿಯವನು ಸೌದಿಯ ಜುಬೈಲಿನಲ್ಲಿದ್ದಾನೆ. ನಡುವಿನವಳನ್ನು ಕಡಬಕ್ಕೆ ಮದುವೆ ಮಾಡಿ ಕೊಡಲಾಗಿದೆ. ಕಿರಿಯವನು ಬೆಳ್ಳಾರೆಯ ಸಮೀಪ ತಂದೆ ತಾಯಿಯ ಜೊತೆಗಿದ್ದು ಸಣ್ಣ ಅಂಗಡಿ ನಡೆಸುತ್ತಾನೆ. ಒಬ್ಬ ಸಲಹೆ ಕೊಟ್ಟ, ಒಬ್ಬ ಕೆಲಸ ಮಾಡಿದ, ಒಬ್ಬಳು ಗೊತ್ತಿದ್ದೂ ಸುಮ್ಮನಿದ್ದಳು. ಹೀಗೆ ಮೂವರಿಗೂ ಪಾಲಿರುವುದರಿಂದ ಇಲ್ಲಿ 'ನಾವು' ಎಂದೇ ಬರೆಯುತ್ತಿದ್ದೇವೆ.

ಬೈಕು 1984ರ ಯೆಜ್ಡಿ. ಆಗ ತಂದೆಗೆ ಮೂವತ್ತಾರು ವರ್ಷ. ಅಡಿಕೆ ಖರೀದಿ ಅವರ ಕಸುಬು. ಅದುವರೆಗೆ ಬಸ್ಸು ಸಿಕ್ಕಿದಲ್ಲಿ ಬಸ್ಸು, ಇಲ್ಲದಿದ್ದರೆ ಕಾಲ್ನಡಿಗೆಯೆಂದು ತೋಟದಿಂದ ತೋಟಕ್ಕೆ ಅಲೆಯುತ್ತಿದ್ದರು. ಉಮ್ಮನ ಎರಡು ಬಳೆಗಳನ್ನು ಅಡವಿಟ್ಟು, ಉಳಿದದ್ದಕ್ಕೆ ಸಾಲ ಮಾಡಿ, ಮೈಸೂರಿಗೆ ಹೋಗಿ ಬೈಕು ಕೊಂಡು, ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿದು ಸುಳ್ಯಕ್ಕೆ ತಂದರು. ಆ ಪ್ರಯಾಣದ ಕಥೆಯನ್ನು ನಾವು ಬಾಲ್ಯದಲ್ಲಿ ಎಷ್ಟು ಸಲ ಕೇಳಿದ್ದೇವೆಂದರೆ, ನಾವೂ ಅದರಲ್ಲಿ ಕುಳಿತು ಬಂದಿದ್ದೆವೇನೋ ಎಂದು ಈಗಲೂ ಅನಿಸುವುದುಂಟು.

ಯೆಜ್ಡಿ ನಮ್ಮ ರಾಜ್ಯದ್ದೇ ಬೈಕು ಎಂಬುದು ಹೊಸ ತಲೆಮಾರಿನ ಅನೇಕರಿಗೆ ಗೊತ್ತಿಲ್ಲ. ಜೆಕೊಸ್ಲೊವಾಕಿಯಾದ ಕಂಪೆನಿಯ ಪರವಾನಗಿ ಪಡೆದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜಾವಾ ಬೈಕುಗಳನ್ನು ತಯಾರಿಸತೊಡಗಿತು. 1973ರಿಂದ ಅವು ಯೆಜ್ಡಿ ಎಂಬ ಹೆಸರಲ್ಲಿ ಬಂದುವು. ಎಂದೆಂದಿಗೂ ಉಳಿಯುವ ಬೈಕು ಎಂದು ಕಂಪೆನಿ ಜಾಹೀರಾತು ಕೊಡುತ್ತಿತ್ತು. ಬೈಕುಗಳು ಉಳಿದುವು. ಕಾರ್ಖಾನೆ ಮಾತ್ರ 1996ರಲ್ಲಿ ಮುಚ್ಚಿತು. 2018ರಲ್ಲಿ ಜಾವಾ ಮತ್ತು 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಬೈಕುಗಳನ್ನು ಬೇರೊಂದು ಕಂಪೆನಿ ಮಾರುಕಟ್ಟೆಗೆ ತಂದಿತು. ಅವು ಮೈಸೂರಿನವಲ್ಲ, ಎಂಜಿನ್ನೂ ಬೇರೆ.

ಹಳೆಯ ಯೆಜ್ಡಿಯದ್ದು 250 ಸಿಸಿಯ ಟೂ ಸ್ಟ್ರೋಕ್ ಎಂಜಿನ್. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ತಿರುಗಿಸಿದರೆ ಅದು ಗೇರ್ ಆಗುತ್ತದೆ. ಪೆಟ್ರೋಲಿಗೆ ಎಣ್ಣೆಯನ್ನು ಅಳತೆ ಪ್ರಕಾರ ಬೆರೆಸಿ ಹಾಕಬೇಕು. ಅದರ ಶಬ್ದ ಬೆಳ್ಳಾರೆಯಿಂದ ನಿಂತಿಕಲ್ಲಿನವರೆಗೆ, ಪಂಜದಿಂದ ಕಾಣಿಯೂರಿನವರೆಗೆ ಎಲ್ಲರಿಗೂ ಪರಿಚಿತ. ತಿರುವಿನಾಚೆ ಶಬ್ದ ಕೇಳಿದೊಡನೆ ಅಂಗಳದಲ್ಲಿ ಅಡಿಕೆ ಹರವುತ್ತಿದ್ದವರು "ಬ್ಯಾರಿಗಳು ಬಂದರು" ಎಂದು ತಕ್ಕಡಿ ಹೊರತೆಗೆಯುತ್ತಿದ್ದರು. ತಂದೆ ಚಾಲಿ, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ಬೇರೆ ಬೇರೆಯಾಗಿ ನೋಡಿ ದರ ಹೇಳುತ್ತಿದ್ದರು. 1973ರಲ್ಲಿ ಕ್ಯಾಂಪ್ಕೊ ಸ್ಥಾಪನೆಯಾದ ಬಳಿಕ ಬೆಳೆಗಾರರಿಗೆ ಸಹಕಾರಿ ಮಾರುಕಟ್ಟೆ ಸಿಕ್ಕಿತ್ತು. ಆದರೂ ಐದೋ ಹತ್ತೋ ಕಿಲೋ ಇರುವ ಸಣ್ಣ ಹಿಡುವಳಿಯವರು ಮನೆಬಾಗಿಲಿಗೆ ಬರುವ ಈ ಬೈಕಿಗೇ ಕಾಯುತ್ತಿದ್ದರು.

ಬೈಕು ಅಡಿಕೆಯನ್ನಷ್ಟೇ ಹೊತ್ತದ್ದಲ್ಲ. ಹೊಸ್ಮಠದ ಹಳೆಯ ಮುಳುಗು ಸೇತುವೆಯ ಮೇಲೆ ನೀರು ಬಂದು ಬಸ್ಸುಗಳು ನಿಂತಾಗ ಬೇರೆ ದಾರಿಯಲ್ಲಿ ಸುತ್ತಿ ಬಂದು ಪುತ್ತೂರಿನ ಆಸ್ಪತ್ರೆಗೆ ರೋಗಿಗಳನ್ನು ಮುಟ್ಟಿಸಿದ್ದಿದೆ. ನಮ್ಮನ್ನು ಶಾಲೆಗೆ ಬಿಟ್ಟದ್ದು, ಹಬ್ಬಕ್ಕೆ ಬಟ್ಟೆ ತಂದದ್ದು, ತಂಗಿಗೆ ನೋಡಲು ಬಂದವರ ಮನೆಗೆ ಮಾತುಕತೆಗೆ ಹೋದದ್ದು ಎಲ್ಲವೂ ಅದರಲ್ಲಿಯೇ. ತಂದೆಗೆ ಅದು ವಾಹನವೂ ಹೌದು, ಹೆಸರೂ ಹೌದು.

2023ರ ಆಗಸ್ಟಿನಲ್ಲಿ ಕಾಣಿಯೂರಿನ ಸಮೀಪ, ಮಳೆ ಬಿಟ್ಟ ಒಂದು ಸಂಜೆ, ಶಾಲೆ ಮುಗಿಸಿ ರಸ್ತೆಯ ಎಡಬದಿಯಲ್ಲಿ ನಡೆದು ಬರುತ್ತಿದ್ದ ಹುಡುಗನೊಬ್ಬ ಚರಂಡಿಗೆ ಹಾರಿದ. ಹಾರದಿರುತ್ತಿದ್ದರೆ ತಂದೆಯ ಬೈಕು ಅವನಿಗೆ ತಾಗುತ್ತಿತ್ತು. ಹುಡುಗನಿಗೆ ಏನೂ ಆಗಲಿಲ್ಲ. ತಂದೆಗೆ ಅಲ್ಲಿ ಹುಡುಗನಿದ್ದ ಎಂಬುದೇ ಗೊತ್ತಾಗಿರಲಿಲ್ಲ. ನೋಡಿದವರು ಮನೆಗೆ ಬಂದು ಕಿರಿಯವನಲ್ಲಿ ಹೇಳಿದರು: "ನಿಮ್ಮ ತಂದೆಯನ್ನು ಇನ್ನು ಬೈಕು ಹತ್ತಲು ಬಿಡಬೇಡಿ."

ಆ ರಾತ್ರಿ ಫೋನಿನಲ್ಲಿ ಮೂವರೂ ಮಾತಾಡಿದೆವು. ತಂದೆಗೆ ನೇರವಾಗಿ ಹೇಳಿದರೆ ಬೇಸರಪಟ್ಟುಕೊಂಡಾರು, ಸಿಟ್ಟು ಮಾಡಿಯಾರು, ಊಟ ಬಿಟ್ಟಾರು ಎಂದೆಲ್ಲ ಲೆಕ್ಕ ಹಾಕಿದೆವು. ಕೊನೆಗೆ ಕಂಡ ಉಪಾಯ, ಬೈಕೇ ಕೆಟ್ಟುಹೋಗುವುದು. ಗ್ಯಾರೇಜಿನವನನ್ನು ಒಪ್ಪಿಸಿ, ಸರ್ವಿಸಿಗೆ ಬಿಟ್ಟಾಗ ಕಂಡೆನ್ಸರ್ ಬಿಚ್ಚಿಸಿ ನಮ್ಮ ಕೈಗೆ ತೆಗೆದುಕೊಂಡೆವು. "ಕಂಡೆನ್ಸರ್ ಸುಟ್ಟಿತ್ತು, ಬಿಸಾಡಿದೆ. ಈ ಮಾಡೆಲಿನದ್ದು ಈಗ ಬರುವುದಿಲ್ಲ, ಮೈಸೂರಿಗೆ ಹೇಳಿದ್ದೇನೆ" ಎಂದು ಆತ ತಂದೆಗೆ ಹೇಳಿದ. ಹಿರಿಯವನು ಜುಬೈಲಿನಿಂದ ಫೋನು ಮಾಡಿ, "ಗೇರಿಲ್ಲದ ಸ್ಕೂಟರ್ ತೆಗೆಸಿ ಕೊಡುತ್ತೇನೆ ಉಪ್ಪಾ" ಎಂದ. ಬೀಳುವ ಭಯದಿಂದ ಬೈಕು ನಿಲ್ಲಿಸಿದವರೇ ಸ್ಕೂಟರ್ ಕೊಡಿಸಲು ಹೊರಟಿದ್ದೆವೆಂಬುದು ಆಗ ನಮಗೆ ಹೊಳೆಯಲಿಲ್ಲ. ತಂದೆ ಬೇಡವೆಂದರು.

ಎರಡು ತಿಂಗಳು ತಂದೆ ವಾರಕ್ಕೆ ಮೂರು ದಿನ ಗ್ಯಾರೇಜಿಗೆ ನಡೆದು ಹೋಗಿ "ಬಂತೇ?" ಎಂದು ಕೇಳಿ ನಡೆದು ಬರುತ್ತಿದ್ದರು. ಅಕ್ಟೋಬರಿನ ಒಂದು ದಿನ ಬೆಳಗಿನ ನಮಾಝಿಗೆಂದು ಹೋದವರು ಮಧ್ಯಾಹ್ನವಾದರೂ ಬರಲಿಲ್ಲ. ಫೋನು ಮನೆಯಲ್ಲಿಯೇ ಬಿಟ್ಟಿದ್ದರು. ಹುಡುಕಾಟ ನಡೆಯಿತು. ರಾತ್ರಿ ಹತ್ತು ಗಂಟೆಗೆ ಆಟೋ ರಿಕ್ಷಾದಿಂದ ಇಳಿದರು. ಸುಳ್ಯದಿಂದ ಬಸ್ಸು ಹತ್ತಿ ಮೈಸೂರಿಗೆ ಹೋಗಿ, ಹಳೆಯ ಬೈಕುಗಳ ಬಿಡಿಭಾಗ ಮಾರುವ ಅಂಗಡಿ ಹುಡುಕಿ, ಕಂಡೆನ್ಸರ್ ಕೊಂಡು ಬಂದಿದ್ದರು. ಎಪ್ಪತ್ತೈದು ವರ್ಷದ ಮನುಷ್ಯ, ನಾವು ಜೇಬಿನಲ್ಲಿಟ್ಟುಕೊಂಡಿದ್ದ ವಸ್ತುವಿಗಾಗಿ ಒಂದು ದಿನವಿಡೀ ಬಸ್ಸಿನಲ್ಲಿ ಕುಳಿತಿದ್ದರು.

ಮರುದಿನ ಬೈಕನ್ನು ಮನೆಗೆ ತರಿಸಿ ಅವರೇ ಬಿಚ್ಚಿದರು. ಕಂಡೆನ್ಸರ್ ಕೂರಿಸುವ ಮೊದಲು ಪಾಯಿಂಟನ್ನು ಬಹಳ ಹೊತ್ತು ನೋಡಿದರು. ಮೂರನೆಯ ಕಿಕ್ಕಿಗೆ ಬೈಕು ಚಾಲೂ ಆಯಿತು. ಅದನ್ನು ಆರಿಸಿ ಕೈ ಒರೆಸಿಕೊಳ್ಳುತ್ತ ಕಿರಿಯವನಿಗೆ ಹೇಳಿದರು: "ಕಂಡೆನ್ಸರ್ ಸುಟ್ಟಿದ್ದರೆ ಪಾಯಿಂಟ್ ಕಪ್ಪಾಗಿರಬೇಕು. ಇದು ಕನ್ನಡಿಯ ಹಾಗಿದೆ. ಯಾರೋ ತೆಗೆದಿದ್ದಾರೆ." ಸ್ವಲ್ಪ ಹೊತ್ತು ಬಿಟ್ಟು, "ಕೇಳಿದ್ದರೆ ಕೊಡುತ್ತಿದ್ದೆ" ಎಂದರು. ಮತ್ತೆ ಆ ವಿಷಯವನ್ನು ಅವರಾಗಿ ಎತ್ತಲಿಲ್ಲ.

ಒಳಿತಿಗಾಗಿ ಹೇಳಿದ ಸುಳ್ಳು

ಕೇಳಿದ್ದರೆ ಅವರು ನಿಜಕ್ಕೂ ಕೊಡುತ್ತಿದ್ದರೇ? ಈ ಪ್ರಶ್ನೆಯನ್ನು ನಾವು ಹಲವು ಬಾರಿ ನಮ್ಮೊಳಗೆ ಚರ್ಚಿಸಿದ್ದೇವೆ. ಕೊಡುತ್ತಿರಲಿಲ್ಲ ಎಂದು ಹಿರಿಯವನು ಈಗಲೂ ಹೇಳುತ್ತಾನೆ. ಇರಬಹುದು. ಆದರೆ ಕೇಳುವುದು ಎಂದರೇನು? ಇಲ್ಲ ಎಂಬ ಉತ್ತರ ಬರಬಹುದೆಂದು ಒಪ್ಪಿಕೊಂಡು ಮುಂದೆ ನಿಲ್ಲುವುದು. ಆ ಉತ್ತರಕ್ಕೆ ಜಾಗವೇ ಇಲ್ಲದಂತೆ ಮಾಡಿದಾಗ ನಾವು ತಂದೆಯನ್ನು ಕಾಪಾಡಿದ್ದಕ್ಕಿಂತ ಹೆಚ್ಚಾಗಿ ನಮ್ಮನ್ನೇ ಒಂದು ಕಷ್ಟದ ಮಾತುಕತೆಯಿಂದ ಕಾಪಾಡಿಕೊಂಡಿದ್ದೆವು. ಅವರಿಗೆ ನೋವಾಗಬಾರದು ಎಂದು ನಾವು ಹೇಳಿಕೊಂಡದ್ದರಲ್ಲಿ, ಅವರ ನೋವನ್ನು ನಾವು ನೋಡಬೇಕಾಗಬಾರದು ಎಂಬುದೂ ಸೇರಿತ್ತು.

ಮಕ್ಕಳಿಗೆ ಔಷಧವನ್ನು ಬೆಲ್ಲದಲ್ಲಿಟ್ಟು ಕೊಡುತ್ತೇವೆ. ವೃದ್ಧರು ಮಕ್ಕಳಂತೆ ಎಂಬ ಮಾತು ನಮ್ಮಲ್ಲಿ ಬಹಳ ಚಾಲ್ತಿಯಲ್ಲಿದೆ. ಪ್ರೀತಿಯಿಂದಲೇ ಹುಟ್ಟಿದ ಮಾತು ಇರಬಹುದು. ಆದರೆ ಅದು ಅಪಾಯಕಾರಿ. ಮಗುವಿಗೆ ಇನ್ನೂ ತಿಳಿವಳಿಕೆ ಬಂದಿಲ್ಲ. ತಂದೆಗೆ ತಿಳಿವಳಿಕೆ ಇದೆ, ದೇಹ ಸೋಲುತ್ತಿದೆ. ಇವೆರಡನ್ನು ಒಂದೇ ಎಂದು ಭಾವಿಸಿದಾಗ ಮೊದಲು ಹೋಗುವುದು ಅವರ ಮಾತಿನ ಬೆಲೆ. ನಲ್ವತ್ತು ವರ್ಷ ಒಂದು ಎಂಜಿನ್ನಿನ ಶಬ್ದ ಕೇಳಿಯೇ ಅದರ ಕಾಯಿಲೆ ಹೇಳುತ್ತಿದ್ದವರಿಗೆ ಎಂಜಿನ್ನಿನ ಬಗ್ಗೆಯೇ ಸುಳ್ಳು ಹೇಳಿ ನಂಬಿಸಬಹುದೆಂದು ನಾವು ತಿಳಿದೆವಲ್ಲ, ಸುಳ್ಳಿಗಿಂತಲೂ ದೊಡ್ಡ ಅವಮಾನ ಅದು.

ಸುಳ್ಳಿಗೆ ಇನ್ನೊಂದು ಬೆಲೆಯನ್ನೂ ತೆರಬೇಕಾಯಿತು. ಸತ್ಯ ಹೊರಬಿದ್ದ ಬಳಿಕ ತಂಗಿ ಕಡಬದಿಂದ ಬಂದು ತಂದೆಯೆದುರು ಕುಳಿತು ಹುಡುಗನ ವಿಷಯ ಹೇಳಿದಳು. ಹೇಳಲೇಬೇಕಿದ್ದ ಮಾತು ಅದೊಂದೇ; ಎರಡು ತಿಂಗಳಲ್ಲಿ ಯಾರೂ ಅದನ್ನು ಹೇಳಿರಲಿಲ್ಲ. ತಂದೆಯ ಮುಖ ಬಿಳಿಚಿತು. "ನಾನು ನೋಡಲೇ ಇಲ್ಲ ಮೋಳೇ" ಎಂದರು. ಅದು ನಿಜವಾಗಿತ್ತು. ಕಣ್ಣಿನ ವೈದ್ಯರು ಪರೀಕ್ಷಿಸಿ ಗ್ಲಾಕೋಮಾ ಎಂದರು. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಅಂಚಿನ ನೋಟ ಮೊದಲು ಹೋಗುತ್ತದೆ, ನೇರ ನೋಟ ಬಹಳ ಕಾಲ ಚೆನ್ನಾಗಿಯೇ ಇರುತ್ತದೆ. ಹಾಗಾಗಿ ರೋಗಿಗೆ ಗೊತ್ತಾಗುವುದೇ ಇಲ್ಲ. ಕಳೆದುಹೋದ ನೋಟ ಮರಳಿ ಬರುವುದಿಲ್ಲ. ಹನಿ ಔಷಧ ಹಾಕುತ್ತ ಉಳಿದದ್ದನ್ನು ಕಾಪಾಡಿಕೊಳ್ಳಬೇಕು. ನಾವು ಆಗಸ್ಟಿನಲ್ಲಿಯೇ ಸತ್ಯ ಹೇಳಿದ್ದರೆ ಔಷಧ ಎರಡು ತಿಂಗಳು ಮೊದಲೇ ಆರಂಭವಾಗುತ್ತಿತ್ತು. ನಾವು ಬೈಕನ್ನು ನಿಲ್ಲಿಸಿ, ಕಣ್ಣನ್ನು ಹಾಗೆಯೇ ಬಿಟ್ಟಿದ್ದೆವು.

ರಸ್ತೆ ಯಾರದು, ಬೈಕು ಯಾರದು?

ಹಾಗಾದರೆ ತಂದೆ ಬಯಸಿದಷ್ಟು ಕಾಲ ಬೈಕು ಓಡಿಸಲಿ ಎಂದು ಬಿಡಬೇಕಿತ್ತೇ? ಖಂಡಿತ ಇಲ್ಲ. ಆ ಹುಡುಗನಿಗೂ ಒಬ್ಬ ತಂದೆಯಿದ್ದಾನೆ. ವೃದ್ಧರ ಸ್ವಾಭಿಮಾನದ ಬಗ್ಗೆ ಬರೆಯುವಾಗ ರಸ್ತೆ ಬದಿಯಲ್ಲಿ ನಡೆದು ಹೋಗುವವರನ್ನು ಮರೆತರೆ ಆ ಬರಹಕ್ಕೆ ಅರ್ಥವಿಲ್ಲ.

ಇಲ್ಲಿ ಎರಡು ಬೇರೆ ಬೇರೆ ಹಕ್ಕುಗಳಿವೆ, ನಾವು ಅವನ್ನು ಒಂದೇ ಮಾಡಿಕೊಂಡಿದ್ದೆವು ಎಂದು ಈಗ ನಮಗನಿಸುತ್ತದೆ. ಒಂದು, ರಸ್ತೆಯಲ್ಲಿ ವಾಹನ ಓಡಿಸುವ ಹಕ್ಕು. ಅದು ತಂದೆಯ ಸ್ವಂತದ್ದಲ್ಲ, ಯಾರ ಸ್ವಂತದ್ದೂ ಅಲ್ಲ. ಸಮಾಜ ಷರತ್ತಿನ ಮೇಲೆ ಕೊಡುವ ಅನುಮತಿ ಅದು. ನಮ್ಮ ದೇಶದ ಕಾನೂನು ಇಷ್ಟು ವರ್ಷಕ್ಕೆ ವಾಹನ ಬಿಡಬೇಕೆಂದು ವಯಸ್ಸಿನ ಮಿತಿ ಹಾಕಿಲ್ಲ. ಆದರೆ ನಲ್ವತ್ತು ದಾಟಿದವರು ಲೈಸೆನ್ಸ್ ನವೀಕರಿಸಲು ವೈದ್ಯರ ಪ್ರಮಾಣಪತ್ರ ಬೇಕು. ಐವತ್ತೈದು ದಾಟಿದ ಮೇಲೆ ಪ್ರತಿ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಇದರ ಹಿಂದೆ ಒಂದು ವಿವೇಕವಿದೆ. ಮುದುಕನೆಂಬ ಕಾರಣಕ್ಕೆ ಯಾರನ್ನೂ ಇಳಿಸಬೇಡಿ, ಆದರೆ ಆಗಾಗ ಕೇಳಿ, ಪರೀಕ್ಷಿಸಿ ನೋಡಿ ಎಂಬುದೇ ಆ ವಿವೇಕ. ನಾವು ಆ ಪ್ರಮಾಣಪತ್ರವನ್ನು ಅದುವರೆಗೆ ಸಹಿ ಹಾಕಿಸಿ ತರುವ ಒಂದು ಕಾಗದವೆಂದಷ್ಟೇ ತಿಳಿದಿದ್ದೆವು. ನಮ್ಮೂರಲ್ಲಿ ಹೆಚ್ಚಿನವರು ತಿಳಿದಿರುವುದೂ ಹಾಗೆಯೇ.

ಇನ್ನೊಂದು, ಬೈಕಿನ ಮೇಲಿನ ಹಕ್ಕು. ಅದು ಸಂಪೂರ್ಣ ತಂದೆಯದು. ಇಸ್ಲಾಮೀ ವಾರಸು ನಿಯಮದಲ್ಲಿ ತಂದೆ ಬದುಕಿರುವಷ್ಟು ಕಾಲ ಅವರ ಸೊತ್ತಿನಲ್ಲಿ ಮಕ್ಕಳಿಗೆ ಯಾವ ಹಕ್ಕೂ ಹುಟ್ಟುವುದಿಲ್ಲ. ಹಿಂದೂ ಕುಟುಂಬಗಳಲ್ಲಿ ಪಿತ್ರಾರ್ಜಿತ ಸೊತ್ತಿಗೆ ಬೇರೆ ನಿಯಮವಿದೆ. ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ ಸೊತ್ತು ತಾಯಿಯ ಕಡೆಯಿಂದ ಹರಿಯುತ್ತಿತ್ತು. ಆದರೆ ಒಬ್ಬ ಮನುಷ್ಯ ಸ್ವಂತ ದುಡಿಮೆಯಿಂದ ಕೊಂಡ ವಸ್ತು ಅವನು ಜೀವಿಸಿರುವಷ್ಟು ಕಾಲ ಅವನದೇ ಎಂಬಲ್ಲಿ ಇವು ಯಾವುವೂ ತಗಾದೆ ಎತ್ತುವುದಿಲ್ಲ. ಮುಂದೆ ಹೇಗೂ ನಮಗೇ ಬರುವುದು ಎಂಬ ಭಾವನೆಯಿಂದ ಈಗಲೇ ಕೈ ಹಾಕುವುದಕ್ಕೆ ಕಾನೂನಿನ ಬೆಂಬಲವೂ ಇಲ್ಲ, ನೀತಿಯ ಬೆಂಬಲವೂ ಇಲ್ಲ.

ಹೀಗೆ ಬಿಡಿಸಿ ನೋಡಿದರೆ ಮಾಡಬೇಕಾದ್ದು ಸ್ಪಷ್ಟವಾಗುತ್ತದೆ. ಮೊದಲನೆಯದರ ಬಗ್ಗೆ ಸತ್ಯ ಹೇಳಬೇಕು, ಎಷ್ಟೇ ಕಹಿಯಾದರೂ. ಎರಡನೆಯದರ ಬಗ್ಗೆ ವಿನಂತಿಸಬೇಕು, ಎಷ್ಟೇ ತಡವಾದರೂ. ನಾವು ಮಾಡಿದ್ದು ಇವೆರಡೂ ಅಲ್ಲ. ಸತ್ಯ ಹೇಳುವ ಧೈರ್ಯವಿಲ್ಲದ್ದರಿಂದ ವಸ್ತುವನ್ನು ಕದ್ದೆವು.

ತಂದೆಯ ಲೈಸೆನ್ಸ್ 2024ರ ಮಾರ್ಚಿಗೆ ಮುಗಿಯುವುದಿತ್ತು. "ವೈದ್ಯರು ಬರೆದುಕೊಟ್ಟರೆ ಓಡಿಸುತ್ತೇನೆ, ಇಲ್ಲದಿದ್ದರೆ ಇಲ್ಲ" ಎಂದರು ಅವರು. ಕಣ್ಣಿನ ವರದಿ ನೋಡಿದ ವೈದ್ಯರು ಬರೆದುಕೊಡಲಿಲ್ಲ. ತಂದೆ ವಾದಿಸಲಿಲ್ಲ. ನಮ್ಮ ಮಾತಿಗೆ ಸೋಲುವುದಕ್ಕೂ ಸತ್ಯಕ್ಕೆ ತಲೆಬಾಗುವುದಕ್ಕೂ ಇರುವ ವ್ಯತ್ಯಾಸವನ್ನು ನಾವು ಅಂದು ಕಂಡೆವು.

ಎಲ್ಲ ಮನೆಯಲ್ಲಿಯೂ ಇದು ಹೀಗೆ ಮುಗಿಯುವುದಿಲ್ಲ ಎಂಬುದು ನಮಗೆ ಗೊತ್ತು. ಸತ್ಯ ಹೇಳಿದರೂ ಒಪ್ಪದವರಿದ್ದಾರೆ. ಮರೆವಿನ ಕಾಯಿಲೆಯಿಂದ, ನಿನ್ನೆ ಒಪ್ಪಿದ್ದನ್ನು ಇಂದು ನೆನಪಿಟ್ಟುಕೊಳ್ಳಲಾರದವರಿದ್ದಾರೆ. ಅಂಥಲ್ಲಿ ಕೀ ಅಡಗಿಸಿಡಬೇಕಾದ ಸ್ಥಿತಿಯೂ ಬರಬಹುದು. ಆಗಲೂ ಅದು ಕೊನೆಯ ದಾರಿಯಾಗಿರಬೇಕು. ನಮಗೆ ಅದು ಮೊದಲ ದಾರಿಯಾಗಿತ್ತು; ನಮ್ಮ ತಪ್ಪು ಅಲ್ಲಿತ್ತು.

ಕೊಡುವವನ ಕೈ

ಹಿಬಾ ಅಂದರೆ ಜೀವಿತಕಾಲದಲ್ಲಿ ಕೊಡುವ ದಾನ. ಅದು ಪೂರ್ಣವಾಗಲು ಮೂರು ಸಂಗತಿಗಳು ಬೇಕು: ಕೊಡುವವನು ಕೊಟ್ಟೆನೆಂದು ಹೇಳಬೇಕು, ಪಡೆಯುವವನು ಒಪ್ಪಬೇಕು, ವಸ್ತು ನಿಜವಾಗಿ ಕೈ ಬದಲಾಗಬೇಕು. ನಾವು ಮೂರನೆಯದನ್ನು ಮೊದಲು ಮಾಡಿ, ಮೊದಲನೆಯದನ್ನು ಬಿಟ್ಟೇ ಬಿಟ್ಟಿದ್ದೆವು. ಕೊಟ್ಟೆ ಎಂದು ಹೇಳುವ ಅವಕಾಶ ಸಿಕ್ಕಿದಾಗ ಮನುಷ್ಯ ದೊಡ್ಡವನಾಗುತ್ತಾನೆ. ಅದನ್ನು ಕಸಿದುಕೊಂಡಾಗ, ವಸ್ತು ಅದೇ ಆದರೂ, ಅವನು ಬರಿಗೈಯವನಾಗುತ್ತಾನೆ.

ತಂದೆ ಬೈಕನ್ನು ಕಿರಿಯವನಿಗೆ ಕೊಡುವುದಾಗಿ ಹೇಳಿದ್ದು 2024ರ ಏಪ್ರಿಲಿನಲ್ಲಿ, ಹಿರಿಯವನು ಪೆರ್ನಾಳಿಗೆ ಊರಿಗೆ ಬಂದಿದ್ದಾಗ. ನಾವು ಮೂವರೂ ಇದ್ದೆವು. ಆಗ ಅವರೇ ಒಂದು ಪ್ರಶ್ನೆ ಎತ್ತಿದರು: "ಇವನಿಗೆ ಬೈಕು. ಇವಳಿಗೇನು?" ಮಕ್ಕಳಲ್ಲಿ ಒಬ್ಬನಿಗೆ ಮಾತ್ರ ಕೊಡುಗೆ ನೀಡಿ, ಅದಕ್ಕೆ ಸಾಕ್ಷಿಯಾಗಬೇಕೆಂದು ಬಂದ ತಂದೆಯಲ್ಲಿ, ಎಲ್ಲ ಮಕ್ಕಳಿಗೂ ಹೀಗೆಯೇ ಕೊಟ್ಟಿದ್ದೀಯಾ ಎಂದು ಪ್ರವಾದಿಯವರು(ಸ) ಕೇಳಿದ ಪ್ರಸಂಗ ಪ್ರಸಿದ್ಧವಾದದ್ದು. ತಂದೆಯ ಮನಸ್ಸಿನಲ್ಲಿ ಅದಿತ್ತು. ನಮ್ಮ ಮನಸ್ಸಿನಲ್ಲಿ ಇರಲಿಲ್ಲ. ಬೈಕು ಗಂಡುಮಕ್ಕಳ ವಿಷಯ ಎಂದು ನಾವು ಯೋಚಿಸದೆಯೇ ತೀರ್ಮಾನಿಸಿದ್ದೆವು. ಬಾಲ್ಯದಲ್ಲಿ ಪೆಟ್ರೋಲ್ ಟ್ಯಾಂಕಿನ ಮೇಲೆ ಕುಳಿತು ಹೆಚ್ಚು ತಿರುಗಿದವಳು ಅವಳೇ ಎಂಬುದನ್ನೂ ಮರೆತಿದ್ದೆವು.

ಹಳೆಯ ಯೆಜ್ಡಿಗೆ ಈಗ ಬೆಲೆ ಬಂದಿದೆ. ಜುಲೈ ತಿಂಗಳ ಎರಡನೆಯ ರವಿವಾರವನ್ನು ಜಾವಾ-ಯೆಜ್ಡಿ ದಿನವೆಂದು ಆಚರಿಸುವ ಆಸಕ್ತರ ಬಳಗಗಳಿವೆ. ಅಂಥವರು ದೂರದೂರದಿಂದ ಹುಡುಕಿ ಬಂದು ಕೇಳುತ್ತಾರೆ. ನಾವು ಒಂದು ಬೆಲೆ ಕಟ್ಟಿದೆವು. ಹಿರಿಯವನು ತನ್ನ ಪಾಲು ಬೇಡವೆಂದ. ತಂಗಿಯ ಪಾಲಿನ ಹಣವನ್ನು ಕಿರಿಯವನು ಕೊಟ್ಟ. ಅವಳು ತೆಗೆದುಕೊಂಡಳು. ಬೇಡ ಎಂದಾಳು ಎಂದು ನಾವು ಸ್ವಲ್ಪ ನಿರೀಕ್ಷಿಸಿದ್ದೆವೆಂಬುದನ್ನು ಒಪ್ಪಿಕೊಳ್ಳಬೇಕು. ಹೆಣ್ಣುಮಕ್ಕಳು ಪಾಲು ಬಿಟ್ಟುಕೊಡುವುದನ್ನು ಅವರ ಒಳ್ಳೆಯ ಗುಣವೆಂದು ಹೊಗಳಿ, ಆ ಹೊಗಳಿಕೆಯನ್ನೇ ನಮ್ಮ ಲಾಭ ಮಾಡಿಕೊಳ್ಳುವ ಅಭ್ಯಾಸ ನಮ್ಮ ಎಲ್ಲ ಸಮುದಾಯಗಳಲ್ಲಿಯೂ ಇದೆ. ಎಲ್ಲ ಮುಗಿದ ಮೇಲೆ ಉಮ್ಮ ಒಳಗಿನಿಂದ, "ಅದರಲ್ಲಿ ನನ್ನ ಎರಡು ಬಳೆ ಇದೆ, ಅದನ್ನು ಯಾರೂ ಕೇಳಲಿಲ್ಲ" ಎಂದರು. ಎಲ್ಲರೂ ನಕ್ಕೆವು. ಆದರೆ ಅದು ನಗುವ ಮಾತಾಗಿರಲಿಲ್ಲ. ಅಡವಿಟ್ಟ ಬಳೆಗಳನ್ನು ಬಿಡಿಸಿಕೊಳ್ಳಲು ಆಗಿರಲೇ ಇಲ್ಲವೆಂಬುದು ನಮಗೆ ಗೊತ್ತಾದದ್ದು ಅಂದೇ. ಹಿರಿಯವನು ಬೇಡವೆಂದ ಪಾಲು ಬಳೆಯಾಗಿ ಅವರ ಕೈ ಸೇರಿತು.

ಪುತ್ತೂರಿನ ಆರ್‌ಟಿಒ ಕಚೇರಿಯಲ್ಲಿ ಹೆಸರು ಬದಲಾವಣೆಯ ಅರ್ಜಿಗಳಿಗೆ ತಂದೆ ಸಹಿ ಹಾಕಿದರು. ಹದಿನೈದು ವರ್ಷ ಕಳೆದ ಬೈಕಿನ ನೋಂದಣಿಯನ್ನು ಪ್ರತಿ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. 1999ರಿಂದ ಅದು ಆರನೆಯ ಸಲ. 2022ರ ಏಪ್ರಿಲಿನಲ್ಲಿ ದ್ವಿಚಕ್ರ ವಾಹನದ ನವೀಕರಣ ಶುಲ್ಕವನ್ನು 300 ರೂಪಾಯಿಯಿಂದ 1000ಕ್ಕೆ ಏರಿಸಿದ್ದರಿಂದ ಖರ್ಚೂ ಹೆಚ್ಚಾಗಿತ್ತು. ಗುಜರಿಗೆ ಹಾಕುವುದು ಒಳ್ಳೆಯದಲ್ಲವೇ ಎಂದು ಅಲ್ಲಿ ಯಾರೋ ಕೇಳಿದರು. ತಂದೆ ಉತ್ತರಿಸಲಿಲ್ಲ. ಟೂ ಸ್ಟ್ರೋಕ್ ಬೈಕು ಹೊಗೆ ಉಗುಳುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಹಾಗಾಗಿ ದಿನದ ಓಡಾಟಕ್ಕೆ ಕಿರಿಯವನು ಬೇರೆ ಗಾಡಿ ಇಟ್ಟುಕೊಂಡಿದ್ದಾನೆ. ಯೆಜ್ಡಿ ವಾರಕ್ಕೊಂದೆರಡು ದಿನ ಮಾತ್ರ ಹೊರಡುತ್ತದೆ.

ವಸ್ತುವಿನ ಜೊತೆ ಬರುವುದು

ಬೈಕು ನಮ್ಮದಾದ ಮೇಲೆ ಟೂಲ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಸುತ್ತಿದ ಒಂದು ಪುಟ್ಟ ಪುಸ್ತಕ ಸಿಕ್ಕಿತು. ಅಡಿಕೆಯ ಲೆಕ್ಕವಿರಬಹುದು ಎಂದುಕೊಂಡೆವು. ಅದರಲ್ಲಿ ಹನ್ನೊಂದು ಹೆಸರುಗಳಿದ್ದವು, ಪ್ರತಿಯೊಂದರ ಮುಂದೆ ಮಾತ್ರೆಯ ಹೆಸರು. ಬಸ್ಸಿನ ದಾರಿಯಿಂದ ದೂರವಿರುವ, ಮಕ್ಕಳು ಬೆಂಗಳೂರಿನಲ್ಲೋ ಕೊಲ್ಲಿಯಲ್ಲೋ ಇರುವ ವೃದ್ಧರಿಗೆ ತಂದೆ ತಿಂಗಳಿಗೊಮ್ಮೆ ಪುತ್ತೂರಿನಿಂದ ಮದ್ದು ತಂದುಕೊಡುತ್ತಿದ್ದರು. ಭಟ್ಟರೂ ಇದ್ದರು, ಗೌಡರೂ ಇದ್ದರು, ನಮ್ಮವರೂ ಇದ್ದರು. ನಾವು ಬೈಕು ನಿಲ್ಲಿಸಿದ್ದ ಎರಡು ತಿಂಗಳಲ್ಲಿ ಅವರು ಹೇಗೋ ನಿಭಾಯಿಸಿಕೊಂಡಿದ್ದರು. ಪಂಜದ ಕಡೆಯ ಒಬ್ಬ ಅಜ್ಜಿ ಮೂರು ವಾರ ರಕ್ತದೊತ್ತಡದ ಮಾತ್ರೆಯಿಲ್ಲದೆ ಕಳೆದಿದ್ದರು. ಒಂದು ಕಂಡೆನ್ಸರ್ ಬಿಚ್ಚುವಾಗ ಏನೇನನ್ನು ಬಿಚ್ಚುತ್ತಿದ್ದೇವೆಂದು ನಮಗೆ ಗೊತ್ತೇ ಇರಲಿಲ್ಲ.

ಹಿರಿಯರ ಒಂದು ವಸ್ತುವನ್ನು ವಹಿಸಿಕೊಳ್ಳುವುದೆಂದರೆ ಆ ವಸ್ತು ಮಾಡುತ್ತಿದ್ದ ಕೆಲಸವನ್ನು ವಹಿಸಿಕೊಳ್ಳುವುದು. ಬಣ್ಣ ಹೊಡೆಸಿ, ಹೊಳಪು ಕೊಡಿಸಿ, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರೆ ವಸ್ತು ಉಳಿಯುತ್ತದೆ, ಕೆಲಸ ಸಾಯುತ್ತದೆ. ಕಿರಿಯವನು ಈಗ ಆ ಪುಸ್ತಕವನ್ನು ಮುಂದುವರಿಸಿದ್ದಾನೆ. ಹನ್ನೊಂದು ಹೆಸರುಗಳಲ್ಲಿ ಎರಡು ಅಳಿಸಿವೆ, ಒಂದು ಹೊಸದಾಗಿ ಸೇರಿದೆ.

2007ರಲ್ಲಿ ಬಂದ ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ ತಂದೆ ತಾಯಿಗೆ ಒಂದು ರಕ್ಷಣೆ ಕೊಟ್ಟಿದೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಬರೆದುಕೊಟ್ಟು, ಮಕ್ಕಳು ನೋಡಿಕೊಳ್ಳದಿದ್ದರೆ ಆ ವರ್ಗಾವಣೆಯನ್ನೇ ರದ್ದು ಮಾಡಿಸಬಹುದು. ಪುತ್ತೂರು, ಸುಳ್ಯ, ಕಡಬದವರಿಗೆ ಪುತ್ತೂರಿನ ಸಹಾಯಕ ಆಯುಕ್ತರ ಬಳಿ ಅಂಥ ದೂರು ಕೊಡುವ ಅವಕಾಶವಿದೆ. ಜಮೀನಿಗೆ, ಮನೆಗೆ ಅಷ್ಟಾದರೂ ನ್ಯಾಯವಿದೆ. ಆದರೆ ಕೀಗೊಂಚಲು, ಅಂಗಡಿಯ ಗಲ್ಲಾಪೆಟ್ಟಿಗೆ, ಬ್ಯಾಂಕಿನ ಪಾಸ್‌ಬುಕ್, ಅಡುಗೆಮನೆಯಲ್ಲಿ ತಾಯಿಯ ಕೊನೆಯ ಮಾತು, ಇವೆಲ್ಲ ಒಂದೊಂದಾಗಿ, "ನಿಮಗ್ಯಾಕೆ ಕಷ್ಟ" ಎಂಬ ಮೃದುವಾದ ಮಾತಿನ ಜೊತೆ ಕೈತಪ್ಪುವಾಗ ದೂರು ಕೊಡಲು ಯಾವ ಕಚೇರಿಯೂ ಇಲ್ಲ. ಅಲ್ಲಿ ಮಕ್ಕಳೇ ನ್ಯಾಯಾಧೀಶರು, ಮಕ್ಕಳೇ ಆರೋಪಿಗಳು.

ಈಗ ತಿಂಗಳಿಗೊಮ್ಮೆ ಯೆಜ್ಡಿ ಕಡಬಕ್ಕೆ ಹೋಗುತ್ತದೆ. ಬೆಳ್ಳಾರೆಯಿಂದ ನಿಂತಿಕಲ್ಲು, ಪಂಜ ದಾಟಿ, ಪುಳಿಕುಕ್ಕಿನ ಸೇತುವೆಯಲ್ಲಿ ಕುಮಾರಧಾರೆಯನ್ನು ದಾಟಿ ತಂಗಿಯ ಮನೆಗೆ. ಇದು ಅವಳು ಹಾಕಿದ ಷರತ್ತು. ತಂದೆ ಹೆಲ್ಮೆಟ್ ಹಾಕಿಕೊಂಡು ಹಿಂದೆ ಕುಳಿತಿರುತ್ತಾರೆ. ಸುಮ್ಮನಿರುವುದಿಲ್ಲ. ಗೇರ್ ತಡವಾಯಿತು, ಬ್ರೇಕ್ ಬೇಗವಾಯಿತು ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಇರುತ್ತಾರೆ. ಮೊದಲ ಸಲ ಒಂದು ಇಳಿಜಾರಿನಲ್ಲಿ ಕಿರಿಯವನು ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿ ಬೈಕನ್ನು ಹಾಗೆಯೇ ಇಳಿಯಬಿಟ್ಟಾಗ ಭುಜಕ್ಕೆ ತಟ್ಟಿ ಹೇಳಿದರು: "ಹಾಗೆ ಮಾಡಬೇಡ. ಇದಕ್ಕೆ ಎಣ್ಣೆ ಹೋಗುವುದು ಪೆಟ್ರೋಲಿನ ಜೊತೆಗೇ. ಇಳಿಯುವಾಗಲೂ ಆಗಾಗ ಸ್ವಲ್ಪ ಕೊಡುತ್ತಿರಬೇಕು, ಇಲ್ಲದಿದ್ದರೆ ಎಂಜಿನ್ ಒಳಗೆ ಒಣಗುತ್ತದೆ."

ಸಂಪಾಜೆ ಘಾಟಿ ಇಳಿಯುವಾಗ ಮೈಸೂರಿನವರು ಹೇಳಿಕೊಟ್ಟ ಪಾಠವಂತೆ ಅದು. ಬೈಕಿನ ಬಗ್ಗೆ ಹೇಳಿದ ಮಾತನ್ನು ನಾವು ಬೈಕಿಗಷ್ಟೇ ಸೀಮಿತಗೊಳಿಸಲಿಲ್ಲ. ಈಗ ಮನೆಯಲ್ಲಿ ಏನೇ ತೀರ್ಮಾನಿಸುವುದಿದ್ದರೂ ಮೊದಲು ಅವರನ್ನು ಕೇಳುತ್ತೇವೆ. ಕೆಲವೊಮ್ಮೆ ಬೇಡ ಎನ್ನುತ್ತಾರೆ. ಆಗ ನಮಗೆ ಸ್ವಲ್ಪ ಕಷ್ಟವಾಗುತ್ತದೆ. ಆ ಕಷ್ಟವನ್ನು ತಪ್ಪಿಸಿಕೊಳ್ಳಲು ಹೋಗಿ ನಾವು ಏನು ಮಾಡಿದ್ದೆವೆಂಬುದು ನೆನಪಿದೆ. ಬಿಚ್ಚಿದ ಹಳೆಯ ಕಂಡೆನ್ಸರ್ ಈಗಲೂ ಕಿರಿಯವನ ಅಂಗಡಿಯ ಮೇಜಿನ ಡ್ರಾಯರಿನಲ್ಲಿದೆ. ಅದು ಕೆಟ್ಟಿಲ್ಲ.